ಗುಡುಗಿಗೆ ಏಳುವ ಅಣಬೆ

ತೊಂಬತ್ತರ ದಶಕದಲ್ಲಿ ಕತಾರಿನ ಮರುಭೂಮಿಯ ಒಂದು ತೋಟಕ್ಕೆ ಪಂಪು ರಿಪೇರಿಗೆ ಹೋಗಿದ್ದೆ. ತೋಟದ ಧಣಿ, ಒಬ್ಬ ಅರಬಿ ಅಜ್ಜ, ಎಲ್ಲಿಂದಲೋ ಚೀಲದ ತುಂಬ ಅಣಬೆ ತಂದರು. ಚಳಿಗಾಲದ ಮಳೆ ಗುಡುಗಿದ ವರ್ಷ ಮಾತ್ರ ಅದು ಮಣ್ಣಿನಡಿ ಉಂಡೆಯಾಗಿ ಬೆಳೆಯುತ್ತದಂತೆ. ನಮ್ಮ ಬೆಳ್ತಂಗಡಿಯಲ್ಲೂ ಕಲ್ಲಣಬೆ ಏಳುವುದು ಗುಡುಗಿಗೇ. ಸಿಗುವ ಜಾಗವನ್ನು ಮಾತ್ರ ಯಾರೂ ಸ್ವಂತ ತಮ್ಮನಿಗೂ ಹೇಳುವುದಿಲ್ಲ. ಆದರೂ ಕೇಳಿಬಿಟ್ಟೆ.

"ಎಲ್ಲಿ ಸಿಕ್ಕಿತು ಬಾಬಾ?"

ಅಜ್ಜ ಕೋಲೆತ್ತಿ ಪಶ್ಚಿಮಕ್ಕೆ ತೋರಿಸಿದರು. ಮರಳಿನ ಮೇಲೆ ಅವರ ಹೆಜ್ಜೆಗಳು ಪೂರ್ವದಿಂದ ಬಂದಿದ್ದವು. ನಾನು ಹೆಜ್ಜೆ ನೋಡುವುದನ್ನು ಕಂಡು ಅವರಿಗೇ ನಗು ಬಂತು. ಎರಡು ಬೊಗಸೆ ಅಣಬೆಯನ್ನು ನನ್ನ ಟೂಲ್ ಬಾಕ್ಸಿಗೆ ಸುರಿದು, "ಖಲಾಸ್, ಇನ್ನು ಕೇಳಬೇಡ" ಎಂದರು.

ಬಿನ್ ಒಮ್ರಾನ್ ಬಡಾವಣೆಯ ನಮ್ಮ ರೂಮಿಗೆ ಬಂದು, ತೆಂಗಿನಕಾಯಿ ಅರೆದು ಗಸಿ ಮಾಡಿದೆ. ಜೊತೆಗಾರರು ಬೆರಳು ನೆಕ್ಕುತ್ತಾ, "ಭಾರೀ ಲಾಯ್ಕುಂಟು ಮಾರಾಯ, ಇದು ಎಲ್ಲಿ ಸಿಗ್ತದೆ?" ಎಂದು ಕೇಳಿದರು.

ನಾನು ಪಶ್ಚಿಮಕ್ಕೆ ಕೈ ತೋರಿಸಿದೆ.