ಅಂತರಪಟದ ಬಟ್ಟೆ

ಶುಭದಾಳ ಬಲಗೈ ನಡುಗಲು ಶುರುವಾಗಿ ವರ್ಷವಾಗಿತ್ತು. ಇದು ವಾಸಿಯಾಗುವ ರೋಗವಲ್ಲ, ಕೈ ದಿನೇದಿನೇ ಸೋಲುತ್ತದೆ ಎಂದು ಬಾಗಲಕೋಟೆಯ ಡಾಕ್ಟರು ಹೇಳಿಬಿಟ್ಟಿದ್ದರು. ಬಾದಾಮಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ, ರಜೆ ಬಂದರೆ ರೇಷ್ಮೆಯ ಮೇಲೆ ಚಿತ್ರ ಬರೆಯುತ್ತ ಬದುಕಿದ ಹೆಂಗಸು. ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮಗಳು ಮಯೂರಿಯ ಮದುವೆ ಗೊತ್ತಾಗಿತ್ತು. ವಧೂವರರ ನಡುವೆ ಹಿಡಿಯುವ ಅಂತರಪಟಕ್ಕೆ ತಾನೇ ಚಿತ್ರ ಬರೆಯಬೇಕು, ಅಲ್ಲಿಯವರೆಗೆ ಈ ಕೈ ನಿಂತರೆ ಸಾಕು ದೇವರೇ, ಎಂಬುದೊಂದೇ ಅವಳ ಹಂಬಲ.

ಬಟ್ಟೆ ಆರಿಸಲು ಅತ್ತೆ ಭಾಗೀರಥೀಬಾಯಿಯೊಂದಿಗೆ ಇಳಕಲ್ಲಿಗೆ ಹೋದಳು. ಅತ್ತೆ ಸಾಮಾನ್ಯರಲ್ಲ, ಶಾಸ್ತ್ರದ ಮಾತು ಬಂದರೆ ಭಟ್ಟರಿಗೇ ಬುದ್ಧಿ ಹೇಳುವಾಕೆ. ಅಂಗಡಿಯ ಧರ್ಮರಾಜ ಬಿಳಿ ಬಟ್ಟೆಯ ಎರಡು ಥಾನು ಬಿಚ್ಚಿ ಹರವಿದ. ಒಂದು ತುಸು ದಪ್ಪ, ಮಾಸಲು. ಇನ್ನೊಂದು ತೆಳ್ಳಗೆ, ನುಣ್ಣಗೆ, ಬೆರಳಿಟ್ಟರೆ ಜಾರುವಂಥದ್ದು. ನಡುಗುವ ಕೈಗೆ ಕುಂಚ ಎಲ್ಲೂ ತಡೆಯದೆ ಓಡಲಿ ಎಂದು ಶುಭದಾ ನುಣ್ಣನೆಯದನ್ನೇ ಎತ್ತಿಕೊಂಡಳು.

“ಎರಡೂ ಹೊರಗಿಂದ ಬಂದ ಮಾಲ್ರಿ ಅಕ್ಕಾರ. ರೇಷ್ಮಿ ಅಂತ ಹೇಳಿ ಕೊಟ್ಟಾರ. ಒಂದು ಎಳಿ ಸುಟ್ಟು ನೋಡ್ರಿ, ಕೂದಲ ಸುಟ್ಟ ವಾಸನಿ ಬಂದ್ರ ಖರೆ,” ಎಂದು ಧರ್ಮರಾಜ ಕಡ್ಡಿಪೆಟ್ಟಿಗೆ ತೆಗೆದ.

“ಮದುವಿ ಅರಿವಿಗೆ ಬೆಂಕಿ ಹಚ್ತೀ ಏನೋ? ಬಿಡ್ತು ಅನ್ನು ಮೊದಲ!” ಭಾಗೀರಥೀಬಾಯಿ ಸಿಡಿದರು.

ಎಳೆ ಸುಡದೆ ಶುಭದಾ ಎಂದೂ ಬಟ್ಟೆ ಕೊಂಡವಳಲ್ಲ. ಆದರೆ ಆ ದಿನ ಅವಳಿಗೂ ಅದು ಅಪಶಕುನವೆನಿಸಿತು. ಮಗಳ ಅಂತರಪಟಕ್ಕೆ ಕಡ್ಡಿ ಗೀರುವುದೇ? ಬೇಡ ಎಂದು ಹಾಗೆಯೇ ಕಟ್ಟಿಸಿಕೊಂಡಳು. ಇಷ್ಟು ವರ್ಷ ಕಲಿತದ್ದೆಲ್ಲ ಆ ಅಂಗಡಿಯ ಗಾದಿಯ ಮೇಲೇ ಉಳಿಯಿತು ನೋಡಿ!

ಬೆಳಗಿನ ಹೊತ್ತು ಕೈ ತುಸು ಮಾತು ಕೇಳುತ್ತಿತ್ತು. ಬಾಗಿಲು ಹಾಕಿಕೊಂಡು, ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದು ಬಳ್ಳಿ ಎಳೆದಳು, ಗಿಳಿ ಬರೆದಳು. ಬಣ್ಣ ಎಂದಿನಂತೆ ಒಳಗಿಳಿಯದೆ ಮೇಲೆಯೇ ನಿಲ್ಲುತ್ತಿತ್ತು. ಹಾಳಾದ ಕೈ ಎಂದು ತನ್ನನ್ನೇ ಬೈದುಕೊಂಡಳೇ ಹೊರತು ಬಟ್ಟೆಯ ಮೇಲೆ ಅನುಮಾನ ಬರಲಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಚಹಾದ ಕಪ್ಪು ಹಿಡಿಯಲೂ ಎರಡು ಕೈ ಬೇಕಾಗುತ್ತಿತ್ತು; ಯಾರೂ ಇಲ್ಲದಾಗ ಮಾತ್ರ ಕುಡಿಯುತ್ತಿದ್ದಳು.

ಬಣ್ಣ ಕಚ್ಚಿಕೊಳ್ಳಲೆಂದು ಬಟ್ಟೆಯನ್ನು ಹಬೆಯಲ್ಲಿಟ್ಟು, ಆಮೇಲೆ ಹಿತ್ತಿಲಲ್ಲಿ ನೀರಿಗೆ ಬಿಟ್ಟಳು. ಗಿಳಿ ಹೋಯಿತು. ಬಳ್ಳಿಯೂ ಹೋಯಿತು. ಬಕೀಟಿನ ನೀರು ರಾಡಿಯಾಗಿ, ಕೈಗೆ ಬಂದದ್ದು ರೇಷ್ಮೆಯಲ್ಲ, ರೇಷ್ಮೆಯ ಬಣ್ಣ ಕಚ್ಚದ, ಕಲೆ ಕಲೆಯಾದ ಪಾಲಿಸ್ಟರ್ ಬಟ್ಟೆ. ಅವಳು ಕೂಗಿದ ಕೂಗಿಗೆ ಮಗಳು, ಅತ್ತೆ ಇಬ್ಬರೂ ಓಡಿಬಂದರು.

“ಅಳಬ್ಯಾಡಮ್ಮಾ, ಇನ್ನೂ ದಿನ ಅದಾವ,” ಎಂದಳು ಮಯೂರಿ. “ಇಳಕಲ್ಲಿನ ಅಂಗಡ್ಯಾಗ ನೀವು ಬಿಟ್ಟು ಬಂದ ಆ ಇನ್ನೊಂದು ಬಟ್ಟಿ ನಾ ತರ್ತೇನಿ. ನೀ ಮತ್ತ ಚಿತ್ರ ತೆಗಿಯಂತಿ.”

ಶುಭದಾ ಒಳಗೆ ನಡೆದು, ಹಿಂದೆ ಬಂದ ಅವರೆದುರೇ ಕುಂಚ ಎತ್ತಿದಳು. ಅದು ಬೆರಳಿನಿಂದ ಜಾರಿ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಭಾಗೀರಥೀಬಾಯಿ ಅವಳ ಕೈ ಹಿಡಿದುಕೊಂಡರು. ಹಿಡಿತದೊಳಗೂ ಅದು ನಡುಗುತ್ತಲೇ ಇತ್ತು.

“ಇದ್ದ ಕೈಯೆಲ್ಲಾ ಅದಕ್ಕ ಹಾಕಿದ್ದೆ ಮಯೂರಿ,” ಎಂದಳು ಶುಭದಾ. “ಇನ್ನ ಉಳದಿಲ್ಲ.”