ಮರಳುಗಾಡಿನ ಗಣಿ, ಸಮಾಮಿಶ್‌ನ ತವರು

ಆಫ್ರಿಕಾದ ಮರಳುಗಾಡಿನಲ್ಲಿ ತೋಡಿದ ಯುರೇನಿಯಂ ಗಣಿ ಅದು. ಸುರಂಗವಲ್ಲ, ಕಲ್ಯಾಣಿಯ ಮೆಟ್ಟಿಲುಗಳ ಹಾಗೆ ಸುತ್ತ ಸುತ್ತ ಇಳಿಯುತ್ತಾ ಹೋಗುವ, ಊರೊಂದನ್ನು ಒಳಗಿಡಬಹುದಾದಷ್ಟು ದೊಡ್ಡ ತೆರೆದ ಗುಂಡಿ. ಎರಡು ಸಾವಿರದ ಹತ್ತರ ನಂತರದ ಕೆಲವು ವರ್ಷ ನಾನು ಸಿಯಾಟಲ್ ಪಕ್ಕದ ನಾರ್ತ್ ಕ್ರೀಕ್‌ನ ಆಫೀಸಿನಲ್ಲಿ ಕೂತು ಆ ಗಣಿಯ ಧೂಳು ಕಾಯುತ್ತಿದ್ದೆ. ಹೊರಗೆ ಸದಾ ತುಂತುರು ಮಳೆ, ನನ್ನ ಪರದೆಯ ಮೇಲೆ ಒಂದು ಹನಿ ನೀರಿಲ್ಲದ ನೆಲ.

ಧೂಳೆಂದರೆ ನಮ್ಮೂರ ಬಸ್ ಸ್ಟ್ಯಾಂಡಿನ ಧೂಳಲ್ಲ. ಅದಿರಿನ ಧೂಳು, ಉಸಿರಿನ ಜೊತೆ ಎದೆಗಿಳಿದರೆ ಅಲ್ಲೇ ಮನೆ ಮಾಡುತ್ತದೆ. ಗಣಿಯ ದಾರಿಯುದ್ದಕ್ಕೂ ಇಟ್ಟ ಯಂತ್ರಗಳು ಅದನ್ನು ಅಳೆಯುತ್ತಿದ್ದವು. ಮಿತಿ ಮೀರಿದರೆ ನಾನು ಬರೆದ ಪ್ರೋಗ್ರಾಂ ಲಾರಿಗಳ ಕ್ಯಾಬಿನ್ನಿನಲ್ಲಿ ಕೆಂಪು ದೀಪ ಹೊತ್ತಿಸುತ್ತಿತ್ತು. ಆಗ ಲಾರಿ ನಿಲ್ಲಬೇಕು, ಡ್ರೈವರು ಮಾಸ್ಕ್ ಹಾಕಿಕೊಳ್ಳಬೇಕು, ಟ್ಯಾಂಕರ್ ಬಂದು ದಾರಿಗೆ ನೀರು ಹೊಡೆದ ಮೇಲೆಯೇ ಹೊರಡಬೇಕು.

ಒಮ್ಮೆ ಅಲ್ಲಿಗೆ ಹೋಗಿದ್ದೆ. ನನ್ನದೇ ವಯಸ್ಸಿನ ಡ್ರೈವರ್ ಹೆಂಗಸೊಬ್ಬಳು ತನ್ನ ಲಾರಿಗೆ ನನ್ನನ್ನು ಹತ್ತಿಸಿಕೊಂಡಳು. ಏಣಿ ಹತ್ತುವಾಗ ನಾನು ಪಟ್ಟ ಪಾಡು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ಬಿಟ್ಟು, "ಈ ಸೆಕೆಗೆ ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತದೆ. ದೀಪ ಹೊತ್ತದಿದ್ದಾಗ ತೆಗೆದಿಡಬಹುದೇ?" ಎಂದು ಕೇಳಿದಳು. ನಾನು ಧೈರ್ಯವಾಗಿ ತೆಗೆದಿಡು ಎಂದೆ. ಅಂದಿನಿಂದ ಅವಳ ಉಸಿರಿನ ಹೊಣೆ ನನ್ನದಾಯಿತು. ಅದು ನನಗೆ ಭಾರವೆನಿಸಲಿಲ್ಲ, ಹೆಮ್ಮೆಯೆನಿಸಿತು.

ನನ್ನ ಮ್ಯಾನೇಜರ್ ಮೈಸೂರಿನವರು. ಕೆಲಸಕ್ಕೆ ಸೇರಿದ ವಾರವೇ, "ಸರ್ ಗಿರ್ ಎಲ್ಲಾ ಬೇಡಮ್ಮ, ಅಣ್ಣ ಅನ್ನು" ಎಂದಿದ್ದರು. ಒಡಹುಟ್ಟಿದವರಿಲ್ಲದ ನನಗೆ ಅಷ್ಟು ಸಾಕಾಯಿತು. ಗೌರಿ ಹಬ್ಬಕ್ಕೆ ಹತ್ತಿರದ ಊರಾದ ಸಮಾಮಿಶ್‌ನ ಅವರ ಮನೆಗೆ ಕರೆದು, ತವರಿನವರು ಕೊಡುವ ಮೊರದ ಬಾಗಿನವನ್ನು ಅತ್ತಿಗೆಯ ಕೈಯಿಂದ ಕೊಡಿಸುತ್ತಿದ್ದರು. ಅವರು ಊರಿಂದ ಸೂಟ್‌ಕೇಸಿನಲ್ಲಿ ತಂದ ಮೊರಗಳವು. ಬಳೆ, ಅರಿಶಿನ, ಕುಂಕುಮ, ಬೇಳೆ, ಅಕ್ಕಿ, ಬೆಲ್ಲ, ಒಂದೂ ತಪ್ಪುತ್ತಿರಲಿಲ್ಲ. ನನ್ನ ಗಂಡ, "ನಿಮ್ಮಣ್ಣ ಆಫೀಸಲ್ಲೂ ಹೀಗೇನಾ?" ಎಂದು ರೇಗಿಸಿದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಗಣಿಯ ಡ್ರೈವರಿಗೂ ಹೇಳಿಕೊಂಡಿದ್ದೆ, ನನ್ನ ಮೇಲಧಿಕಾರಿ ನನಗೆ ಸ್ವಂತ ಅಣ್ಣನಿದ್ದ ಹಾಗೆ ಎಂದು.

ಗಣಿಯವರ ಜೊತೆ ಆಗಾಗ ವಿಡಿಯೋ ಕಾಲ್ ಇರುತ್ತಿತ್ತು. ಒಂದು ವರ್ಷ ಗೌರಿ ಹಬ್ಬದ ಹಿಂದಿನ ದಿನ ಆ ಡ್ರೈವರ್ ಕಾಲ್‌ಗೆ ಬಂದಳು. ಮುಖ ಅರಳಿತ್ತು. "ನಿಮಗೊಂದು ಥ್ಯಾಂಕ್ಸ್ ಹೇಳಬೇಕಿತ್ತು. ಈಚೆಗೆ ದೀಪ ಹೊತ್ತುವುದೇ ಇಲ್ಲ. ನಿಮ್ಮ ಕೆಲಸದಿಂದ ಧೂಳು ಕಮ್ಮಿಯಾಗಿದೆ," ಎಂದಳು. ನನ್ನ ಪ್ರೋಗ್ರಾಂ ಧೂಳು ತೋರಿಸುತ್ತದೆಯೇ ಹೊರತು ಕಮ್ಮಿ ಮಾಡುವುದಿಲ್ಲ. ಕಾಲ್ ಮುಗಿದ ಕೂಡಲೇ ಅಳತೆಗಳನ್ನು ತೆರೆದು ನೋಡಿದೆ. ಧೂಳು ಇದ್ದಷ್ಟೇ ಇತ್ತು. ಬದಲಾಗಿದ್ದು ಮಿತಿ. ಯಾರೋ ಅದನ್ನು ದೀಪ ಹೊತ್ತದಷ್ಟು ಎತ್ತರಕ್ಕೆ ಏರಿಸಿದ್ದರು, ಮತ್ತು ಅದನ್ನು ಮುಟ್ಟುವ ಅಧಿಕಾರ ನನ್ನ ಬಿಟ್ಟರೆ ಅಣ್ಣನಿಗೆ ಮಾತ್ರ ಇತ್ತು.

ಹಬ್ಬದ ದಿನ ರೇಷ್ಮೆ ಸೀರೆಯುಟ್ಟೇ ಹೋದೆ. ಏನೋ ತಪ್ಪಾಗಿರಬೇಕು, ಅವರೇ ಬಿಡಿಸಿ ಹೇಳುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಪಂಚೆಯುಟ್ಟು ಮಂಟಪಕ್ಕೆ ಮಾವಿನೆಲೆ ಕಟ್ಟುತ್ತಿದ್ದರು. ಕೇಳಿದೆ.

"ಅಯ್ಯೋ ಅದಾ? ದೀಪ ಹೊತ್ತಿದಾಗೆಲ್ಲ ಲಾರಿ ನಿಲ್ಲಿಸಬೇಕು, ಟ್ಯಾಂಕರ್ ಕಳಿಸಬೇಕು. ಮರಳುಗಾಡಲ್ಲಿ ನೀರೆಲ್ಲಿಂದ ತರ್ತಾರೆ ಹೇಳು? ಕಸ್ಟಮರ್ ತಲೆ ತಿಂತಿದ್ರು. ಸ್ವಲ್ಪ ಅಡ್ಜಸ್ಟ್ ಮಾಡ್ದೆ."

"ಡ್ರೈವರ್‌ಗಳಿಗೆ ಹೇಳಿದ್ರಾ ಅಣ್ಣ?"

"ನೀನು ಚೆಕ್ ಮಾಡಿ ಓಕೆ ಅಂದಿದೀಯ ಅಂತ ಹೇಳ್ಸಿದೆ. ಅವ್ರಿಗೆ ನೀನಂದ್ರೆ ಬಹಳ ನಂಬಿಕೆ." ಮಾವಿನೆಲೆಯ ದಾರಕ್ಕೆ ಗಂಟು ಹಾಕುತ್ತಲೇ ಹೇಳಿದರು. "ನೀನು ಮನೆಯವಳೇ ಅಲ್ವಾ ಅಂತ ನಿನ್ನ ಕೇಳಲಿಲ್ಲ ಕಣಮ್ಮ. ತಪ್ಪು ತಿಳ್ಕೋಬೇಡ."

ಮನೆಯವಳು! ಮೈಯೆಲ್ಲ ಉರಿದುಹೋಯಿತು. ನನ್ನ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ಇವರು ಕೇಳುತ್ತಿದ್ದರು, ಹೆದರುತ್ತಿದ್ದರು. ಅಣ್ಣ ಎಂದು ಕರೆದದ್ದಕ್ಕೆ ನನ್ನ ಹೆಸರು ಅವರಿಗೆ ಬಿಟ್ಟಿ ಸಿಕ್ಕಿತ್ತು. ಅಷ್ಟರಲ್ಲಿ ಅತ್ತಿಗೆ ಬಾಗಿನ ಹಿಡಿದು ಬಂದು, "ಬಾಮ್ಮ, ಸೆರಗೊಡ್ಡು," ಎಂದರು. ಪಾಪ, ಅವರಿಗೇನೂ ಗೊತ್ತಿರಲಿಲ್ಲ. ನಾನು ಸೆರಗೊಡ್ಡಲಿಲ್ಲ. "ಬೇಡ ಅತ್ತಿಗೆ, ಬರ್ತೀನಿ," ಎಂದು ಚಪ್ಪಲಿ ಮೆಟ್ಟಿ ಕಾರು ಹತ್ತಿದೆ. ಬಾಗಿನ ಬೇಡವೆನ್ನಬಾರದು ಎಂದು ಅಮ್ಮ ಕಲಿಸಿದ್ದರು. ಅಂದು ಆ ಮನೆಯ ಅರಿಶಿನ ಕುಂಕುಮ ಮುಟ್ಟಲು ನನ್ನಿಂದಾಗಲಿಲ್ಲ.

ಮನೆಗೆ ಬಂದು ಮಿತಿಯನ್ನು ಮೊದಲಿನಂತೆ ಇಳಿಸಿದೆ. ನಡೆದದ್ದನ್ನೆಲ್ಲ ಗಣಿಯ ಸುರಕ್ಷತೆ ನೋಡುವವರಿಗೆ ಬರೆದು ಕಳಿಸಿದೆ. ಕೆಲಸ ಹೋದರೆ ಹೋಗಲಿ ಎನಿಸಿತ್ತು. ಮುಂದೆ ಹೋಯಿತು ಕೂಡ. ಮರುದಿನ ಬೆಳಗ್ಗೆ, ಅಲ್ಲಿ ಪಾಳಿ ಮುಗಿಯುವ ಹೊತ್ತಿಗೆ, ಆ ಡ್ರೈವರಿಗೆ ನಾನೇ ಫೋನ್ ಮಾಡಿದೆ. ಧೂಳು ಕಮ್ಮಿಯಾಗಿಲ್ಲ, ಮಾಸ್ಕ್ ತೆಗೆಯಬೇಡ ಎಂದೆ.

ಅವಳು ಇಂಜಿನ್ ಆರಿಸಿದ್ದು ಕೇಳಿಸಿತು.

"ನೀವೇ ಒಪ್ಪಿದ್ದೀರಿ ಅಂದರಲ್ಲ."

"ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಗೊತ್ತೇ ಇರಲಿಲ್ಲ."

"ಅವರು ನಿಮ್ಮ ಅಣ್ಣ ಅಲ್ಲವೇ?"

ಅಲ್ಲ ಎನ್ನಬೇಕಿತ್ತು. ಎಲ್ಲಿಂದ ಶುರು ಮಾಡಲಿ? ಅವಳು ಹೆಚ್ಚು ಹೊತ್ತು ಕಾಯಲಿಲ್ಲ. "ಚಳಿಗಾಲದಿಂದ ಮಾಸ್ಕ್ ಹಾಕಿಲ್ಲ," ಎಂದಷ್ಟೇ ಹೇಳಿ ಫೋನ್ ಇಟ್ಟಳು.