ಅತ್ತೆಯ ಅಂಗೈಯ ಏಳನೆಯ ಕಲೆ

ಮೇ ತಿಂಗಳ ಎರಡನೆಯ ಭಾನುವಾರ ನನ್ನ ಡೈರಿಯಲ್ಲಿ ಹೀಗಿದೆ: ‘ಅತ್ತೆ, ಬಲಗೈ. ಸೊನೆ ಕಲೆ ಏಳು.’

ಅತ್ತೆ ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನಕಾಯಿಯ ತೊಟ್ಟು ಮುರಿದು ಸೊನೆ ಇಳಿಸುತ್ತಾರೆ. ಅದು ತಾಗಿದಲ್ಲಿ ಚರ್ಮ ಸುಟ್ಟು ಕಪ್ಪಾಗುತ್ತದೆ. ಜನ ಕ್ರಿಕೆಟ್ ಸ್ಕೋರ್ ಬರೆದಿಟ್ಟಂತೆ ನಾನು ಆ ಕಲೆಗಳನ್ನು ಬರೆದಿಡುತ್ತೇನೆ.

ಗಣೇಶನ ಹಬ್ಬದ ಹೊತ್ತಿಗೆ ಆರು ಮಾಯವಾದವು. ಅಂಗೈಯಲ್ಲಿ, ಹೆಬ್ಬೆರಳ ಬುಡದಲ್ಲಿದ್ದ ಏಳನೆಯದು ಉಳಿಯಿತು. ಸ್ಕೇಲಿಟ್ಟು ಅಳೆದೆ: ಐದು ಮಿಲಿಮೀಟರ್. ಮೇ ತಿಂಗಳಲ್ಲಿ ನಾಲ್ಕಿತ್ತು.

ಮಂಡಿಯಲ್ಲಿ ಕೇಳಿದ ಒಂಬತ್ತು ಜನರೂ ಸೊನೆ ಎಂದರು. ಮಾಲೂರಿನ ಔಷಧಿ ಅಂಗಡಿಯವರು ಗುಲಾಬಿ ಮುಳ್ಳು ಒಳಗೆ ಮುರಿದಿದೆ ಎಂದರು. ಅತ್ತೆ ಜನ್ಮದಲ್ಲಿ ಗುಲಾಬಿ ಕೊಯ್ದವರಲ್ಲ. ಮಾಲೂರಲ್ಲಿ ಗುಲಾಬಿ ಬೆಳೆಯುತ್ತಾರೆ, ಅಷ್ಟೇ. ಮುಳಬಾಗಿಲಿನಲ್ಲಿ ಹಸ್ತ ನೋಡುವ ನಮ್ಮ ಚಿಕ್ಕತಾತ ಮಾತ್ರ ಕುರ್ಚಿಯಿಂದಲೇ ಎದ್ದುಬಿಟ್ಟರು.

“ಶುಕ್ರನ ಜಾಗದಲ್ಲಿ ಮಚ್ಚೆ! ಅದೃಷ್ಟಂ ಅಮ್ಮಾ, ಅದೃಷ್ಟಂ!”

ಅಂದಿನಿಂದ ಅತ್ತೆ ಅಂಗೈ ಮುಚ್ಚಿಕೊಂಡರು. “ಅದೃಷ್ಟಾನ ಸ್ಕೇಲಲ್ಲಿ ಅಳೀಬಾರ್ದು ಕಣೇ.”

ಫೋನಿನಲ್ಲಿ ಹುಡುಕಿದೆ. ಚರ್ಮದ ಕ್ಯಾನ್ಸರ್ ಎಂದು ಬಂದ ಚಿತ್ರಗಳೆಲ್ಲ ಮೂಲಂಗಿಯಷ್ಟು ಬೆಳ್ಳಗಿನ ಬೆನ್ನುಗಳು. ನಮ್ಮ ಮನೆಯಲ್ಲಿ ಅಂಥ ಬೆನ್ನು ಯಾರಿಗೂ ಇಲ್ಲ. ಹಾಗೆಂದು ಸುಮ್ಮನಾದೆ. ನವೆಂಬರಿನಲ್ಲಿ ಅತ್ತೆ ನಿದ್ದೆಯಲ್ಲಿದ್ದಾಗ ಕದ್ದು ಅಳೆದರೆ ಏಳು ಮಿಲಿಮೀಟರ್, ಅಂಚು ಹರಿದ ಕಾಗದದಂತೆ. ಮರುದಿನವೇ ಜಗಳವಾಡಿ ಕೋಲಾರದ ಬಸ್ ಹತ್ತಿಸಿದೆ.

ಚರ್ಮದ ಡಾಕ್ಟರಮ್ಮ ದೀಪವಿದ್ದ ಭೂತಗನ್ನಡಿ ಇಟ್ಟು ನೋಡಿದರು. “ಯಾವಾಗಿಂದ ಇದೆ?”

“ಹೋದ ವಾರದಿಂದ ಮೇಡಂ,” ಎಂದರು ಅತ್ತೆ.

ನಾನು ಡೈರಿ ಮೇಜಿನ ಮೇಲಿಟ್ಟೆ. ಡಾಕ್ಟರಮ್ಮ ಮೊದಲು ನಕ್ಕರು. ಅಳತೆಗಳ ಪುಟ ಬಂದಾಗ ನಗು ನಿಂತಿತು.

“ನಮ್ಮ ಬಣ್ಣದವರಿಗೆ ಮಚ್ಚೆ ಥರದ ಚರ್ಮದ ಕ್ಯಾನ್ಸರ್ ಅಂಗೈ, ಅಂಗಾಲು, ಉಗುರಿನ ಕೆಳಗೇ ಜಾಸ್ತಿ. ಅಲ್ಲಿ ಯಾರೂ ನೋಡೋದೇ ಇಲ್ಲ. ಸರಿ, ಇದನ್ನ ಸೊನೆ ಅಂತ ಬರೆದೋರು ಯಾರು?”

“ನಾನೇ.”

ಒಂಬತ್ತು ಜನರ ಲೆಕ್ಕ ಅಲ್ಲಿಗೆ ಹತ್ತಾಯಿತು. ಎಲ್ಲರಿಗಿಂತ ಮೊದಲು ತಪ್ಪಿದವಳು ನಾನು.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹನ್ನೊಂದನೆಯ ದಿನ ವರದಿ ಬಂತು: ಕ್ಯಾನ್ಸರೇ, ಆದರೆ ಇನ್ನೂ ಚರ್ಮದ ಮೇಲ್ಪದರ ದಾಟಿಲ್ಲ. ಅಷ್ಟೂ ಜಾಗ ಕತ್ತರಿಸಿ ತೆಗೆದು, ತೊಡೆಯ ಚರ್ಮ ತಂದು ಹೊಲಿದರು. ಮುದ್ದೆ ಗಾತ್ರದ ಬ್ಯಾಂಡೇಜು ಎತ್ತಿ ಹಿಡಿದು ಅತ್ತೆ ಹೇಳಿದರು: “ಮುಳಬಾಗಿಲಿಗೆ ಫೋನ್ ಹಾಕೇ. ಅದೃಷ್ಟಾನ ಸೀಸೆಗೆ ಹಾಕಿ ಲ್ಯಾಬಿಗೆ ಕಳಿಸಿದ್ರು ಅಂತ ಹೇಳು.”

ಚಿಕ್ಕತಾತ ಜಗ್ಗಲಿಲ್ಲ. “ಬೇಗ ಸಿಕ್ಕಿಬಿತ್ತಲ್ಲಮ್ಮಾ, ನಾನು ಹೇಳಿದ್ದೂ ಅದೇ!”

ಈ ಮಾವಿನ ಸುಗ್ಗಿಯಲ್ಲಿ ಅತ್ತೆ ಮತ್ತೆ ಮಂಡಿಗೆ ಹೋಗುತ್ತಿದ್ದಾರೆ, ಬಲಗೈಗೆ ಗ್ಲೌಸ್ ಹಾಕಿಕೊಂಡು. ಊಟದ ಹೊತ್ತಿಗೆ ಹೆಂಗಸರನ್ನು ಸಾಲಾಗಿ ಕೂರಿಸಿ, “ಕಾಲೆತ್ತೇ, ನಾಚ್ಕೋಬೇಡ, ನಿನ್ನ ಅಂಗಾಲು ನೋಡೋಕೆ ಯಾವ ಗಂಡೂ ಬಂದಿಲ್ಲ,” ಎಂದು ರೇಗಿಸುತ್ತಾರೆ. ನಾನು ಪಕ್ಕದಲ್ಲಿ ಸ್ಕೇಲು ಹಿಡಿದು ಕೂತು ತಾರೀಖು, ಜಾಗ, ಅಳತೆ ಬರೆಯುತ್ತೇನೆ. ಅದು ಏನು ಎಂದು ಬರೆಯುವ ಕಾಲಂ ಮಾತ್ರ ಖಾಲಿ ಬಿಡುತ್ತೇನೆ.